ಗಂಟಲಿಗೆ ರಜೆ

ಮಾರ್ಚ್ ೩, ಭಾನುವಾರ

ಬಸ್ಸು ಇಳಿದ ಮೇಲೂ ತಲೆ ಸುತ್ತುತ್ತಲೇ ಇತ್ತು. ಇಷ್ಟೊಂದು ತಿರುವುಗಳ ರಸ್ತೆಯನ್ನು ಯಾರು ಮಾಡಿದರೋ, ಅವರು ಒಂದು ಸಲವೂ ಹಿಂದಿನ ಸೀಟಿನಲ್ಲಿ ಕೂತು ಬಂದಿರಲಿಕ್ಕಿಲ್ಲ. ಇದನ್ನು ಬಸ್ಸಿನಲ್ಲೇ ಪಕ್ಕದಲ್ಲಿದ್ದ ಅತ್ತಿಗೆಗೆ ಹೇಳೋಣವೆಂದು ಬಾಯಿ ತೆರೆದಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತಲೇ ಒಂದು ಬೆರಳೆತ್ತಿದರು. ಬಾಯಿ ಮುಚ್ಚಿಕೊಂಡೆ. ಹೇಳಲಾಗದ್ದನ್ನೆಲ್ಲ ಇನ್ನು ಇಲ್ಲಿ ಬರೆಯುವುದು ಎಂದು ಆಗಲೇ ತೀರ್ಮಾನಿಸಿದೆ, ಇಲ್ಲದಿದ್ದರೆ ಹೊಟ್ಟೆಯುಬ್ಬರಿಸಿ ಸಾಯುತ್ತೇನೆ.

ಗಂಟಲಿನಲ್ಲಿದ್ದ ಗಂಟನ್ನು ಡಾಕ್ಟರು ತೆಗೆದು ಒಂದು ವಾರವಾಯಿತು. ಮೂರು ವಾರ ಒಂದಕ್ಷರ ಮಾತಾಡಬಾರದು, ಪಿಸುಗುಟ್ಟುವುದಂತೂ ಇನ್ನೂ ಕೆಟ್ಟದ್ದು ಎಂದಿದ್ದಾರೆ. ಆಮೇಲೆ ಹಳೆಯ ಧ್ವನಿ ಬರುತ್ತದೆಯೇ ಎಂದು ಬರೆದು ತೋರಿಸಿದ್ದಕ್ಕೆ, "ಬಂದಾಗ ಗೊತ್ತಾಗುತ್ತೆ" ಎಂದರು. ಇದಕ್ಕೆ ಅಷ್ಟು ವರ್ಷ ಓದಬೇಕಿತ್ತೇ?

ಅರಮನೆಯಲ್ಲಿ ಗೈಡ್ ಆಗಿ ನನ್ನ ಅರ್ಧ ಆಯಸ್ಸು ಕಳೆದಿದೆ. ಈಗ ಅಲ್ಲಿ ಹೊಸ ಏರ್ಪಾಡು ಬರುತ್ತಿದೆ. ಬಂದವರ ಕಿವಿಗೆ ಒಂದು ಯಂತ್ರ ಸಿಕ್ಕಿಸುತ್ತಾರಂತೆ, ಅದರೊಳಗಿಂದ ಒಂದೇ ಧ್ವನಿ ಎಲ್ಲರಿಗೂ ಕಥೆ ಹೇಳುತ್ತದಂತೆ. ಆ ಧ್ವನಿ ನಿಮ್ಮದೇ ಆಗಬೇಕು, ಕಾಯುತ್ತೇವೆ ಎಂದಿದ್ದಾರೆ ವ್ಯವಸ್ಥಾಪಕರು. ಇಪ್ಪತ್ತೈದಕ್ಕೆ ರೆಕಾರ್ಡಿಂಗ್. ಧ್ವನಿ ಬಂದರೆ ಅರಮನೆಯಲ್ಲಿ ನಾನಿರುತ್ತೇನೆ. ಬಾರದಿದ್ದರೆ ಹೊಸ ಹುಡುಗಿಯ ಧ್ವನಿ ಇರುತ್ತದೆ, ನಾನು ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತೇನೆ.

ಮೊದಲ ವಾರ ಮನೆಯಲ್ಲಿ ಎರಡು ಸಲ ನಿಯಮ ಮುರಿದೆ. ಒಂದು ಸಲ ಹಾಲಿನವನ ಮೇಲೆ ರೇಗಿ, ಇನ್ನೊಂದು ಸಲ ಯಜಮಾನರ ಮೇಲೆ. ಎರಡನೇ ಸಲ ಯಜಮಾನರೇ ಹೆದರಿ, ಈ ಬೆಟ್ಟದ ಮೇಲಿನ ಹಳ್ಳಿಯಲ್ಲಿ ಕೋಣೆ ಹಿಡಿದು ನನ್ನನ್ನು ತಮ್ಮ ಅಕ್ಕನ ಕೈಗೆ ಒಪ್ಪಿಸಿದರು. ಅತ್ತಿಗೆ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಪ್ರಜ್ಞೆ ಇಲ್ಲದವರ ಜೊತೆ ಕಳೆದಿದ್ದರಿಂದಲೋ ಏನೋ, ಮಾತೆಂದರೆ ಅವರಿಗೆ ಅಷ್ಟಕ್ಕಷ್ಟೇ. ಮದುವೆಯಾದಾಗಿನಿಂದ ನಮ್ಮಿಬ್ಬರ ನಡುವೆ ನಡೆದ ಮಾತನ್ನೆಲ್ಲ ಸೇರಿಸಿದರೆ ಒಂದು ಮಧ್ಯಾಹ್ನ ತುಂಬೀತು. ಅದರಲ್ಲೂ ಬಹುಪಾಲು ನನ್ನದೇ.

ಕೋಣೆ ಚಿಕ್ಕದು. ಎರಡು ಮಂಚ, ಒಂದು ಕಿಟಕಿ. ಕಿಟಕಿಯಿಂದ ಕಲ್ಲು ಛಾವಣಿಯ ನಾಲ್ಕಾರು ಮನೆಗಳು, ಅವುಗಳ ಮೇಲ್ಗಡೆ ಹಳೆಯ ಕೋಟೆ. ನನ್ನ ಫೋನಿಗೆ ಇಲ್ಲಿ ಸಿಗ್ನಲ್ಲೇ ಇಲ್ಲ. ಅತ್ತಿಗೆಯ ಹಳೆಯ ಗುಂಡಿ ಫೋನಿಗೆ ಕೋಟೆ ಬಾಗಿಲಿನ ಮೆಟ್ಟಿಲ ಮೇಲೆ ಮಾತ್ರ ಸಿಗುತ್ತದೆ. ಸಂಜೆ ಅಲ್ಲಿ ನಿಂತು ಅವರು ತಮ್ಮನಿಗೆ ನನ್ನ ಬಗ್ಗೆ ಪೂರ್ತಿ ವರದಿ ಒಪ್ಪಿಸಿದರು.

"ಚೆನ್ನಾಗಿದಾಳೆ. ಇಡ್ತೀನಿ."

ಇಷ್ಟೇ.

ಮಾರ್ಚ್ ೪, ಸೋಮವಾರ

ಇವತ್ತು ಕೋಟೆ ನೋಡಲು ಹೋಗಿದ್ದೆವು. ಇನ್ನೂ ಸಿಟ್ಟು ಇಳಿದಿಲ್ಲ.

ಈ ಹಳ್ಳಿಯವರ ಗೈಡ್ ಕೆಲಸ ನೋಡಿದರೆ ನಮ್ಮ ವ್ಯವಸ್ಥಾಪಕರು ಎದೆ ಹಿಡಿದುಕೊಂಡು ಕೂರುತ್ತಾರೆ. ಇಲ್ಲಿ ಒಂದೊಂದು ಮನೆಗೆ ಕೋಟೆಯ ಒಂದೊಂದು ಭಾಗ. ತಾತನ ಕಾಲದಿಂದ ಹಾಗೇ ಬಂದಿದೆಯಂತೆ. ಬಾಗಿಲ ಮನೆಯವರು ಬಾಗಿಲಿನ ಕಥೆ ಮಾತ್ರ ಹೇಳುತ್ತಾರೆ. ಅಲ್ಲಿಂದ ಮುಂದೆ ಒಂದು ಹೆಜ್ಜೆ ಬರುವುದಿಲ್ಲ, ನಮ್ಮನ್ನು ಕೊಳದ ಮನೆಯವರಿಗೆ ಒಪ್ಪಿಸಿ ಹಿಂದೆ ತಿರುಗುತ್ತಾರೆ. ಒಬ್ಬರು ಏನು ಹೇಳುತ್ತಾರೆಂದು ಇನ್ನೊಬ್ಬರು ಕೇಳುವ ಗೋಜಿಗೇ ಹೋಗಿಲ್ಲ.

ಬಾಗಿಲ ಮನೆಯವರು ಅಡ್ಡ ಮೀಸೆಯ ಗಂಡಸು. ನಾನು ಅವರಿಗೆ ಬಾಗಿಲಪ್ಪ ಎಂದು ಹೆಸರಿಟ್ಟಿದ್ದೇನೆ. ಶತ್ರುಗಳು ನುಗ್ಗಿದಾಗ ರಾಜ ಇದೇ ಹೊಸಿಲ ಮೇಲೆ ಹೋರಾಡುತ್ತ ಪ್ರಾಣ ಬಿಟ್ಟ ಎಂದು, ತಾವೇ ಬಾಣ ತಿಂದವರಂತೆ ಗೋಡೆಗೊರಗಿ ತೋರಿಸಿದರು. ಚೆನ್ನಾಗಿಯೇ ಮಾಡಿದರು, ಸುಳ್ಳೇಕೆ. ಕಣ್ಣಲ್ಲಿ ನೀರೂ ಬಂತು, ಅವರ ಕಣ್ಣಲ್ಲಿ.

ಅಲ್ಲಿಂದ ಕೊಳ. ಕೊಳದ ಮನೆಯ ಹೆಂಗಸು ಸೆರಗು ಸಿಕ್ಕಿಸಿಕೊಂಡು ಶುರು ಮಾಡಿದರು. "ಯುದ್ಧ ಗೆದ್ದ ಮರುದಿನ ರಾಜ ಇಲ್ಲಿ ಸ್ನಾನ ಮಾಡಿದ್ದು. ನೋಡಿ, ಇದೇ ಮೆಟ್ಟಿಲು."

ಮರುದಿನ! ಹಿಂದಿನ ದಿನ ಸತ್ತವನು! ಬರೆದು ತೋರಿಸಲೆಂದು ತಂದಿದ್ದ ಸ್ಲೇಟನ್ನು ಅತ್ತಿಗೆಯ ಕೈಯಿಂದ ಕಿತ್ತುಕೊಂಡು ಬರೆದೆ: ರಾಜ ಬಾಗಿಲಲ್ಲಿ ಸತ್ತನಲ್ಲ?

ಆಕೆ ಓದಿ, ಒಂದು ಚೂರೂ ಅಳುಕದೆ ಹೇಳಿದರು. "ಅದು ಬಾಗಿಲ ಮನೆಯೋರ ಕಥೆ ಕಣಮ್ಮ. ನಮ್ಮ ಕಡೆ ಬದುಕಿದಾನೆ."

ಅತ್ತಿಗೆ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಇದೇ ಮೊದಲಿರಬೇಕು. ನನಗೆ ಮಾತ್ರ ನಗು ಬರಲಿಲ್ಲ. ಬಂದ ಜನ ಏನು ತಿಳಿದುಕೊಂಡು ಹೋಗುತ್ತಾರೆ? ಕಥೆ ಎಂದರೆ ಒಂದು ಕಡೆಯಿಂದ ಒಂದು ಕಡೆಗೆ ಹೋಗಬೇಡವೇ? ಒಂದು ಗಂಟೆ ನನ್ನ ಕೈಗೆ ಕೊಟ್ಟರೆ ಈ ಕೋಟೆಯನ್ನು ಹೇಗೆ ತೋರಿಸಬೇಕೆಂದು ಇವರಿಗೆಲ್ಲ ತೋರಿಸುತ್ತಿದ್ದೆ. ನಾಲಿಗೆ ಬಾಯೊಳಗೇ ಒದ್ದಾಡುತ್ತಿದೆ.

ಮಾರ್ಚ್ ೫, ಮಂಗಳವಾರ

ನಿನ್ನೆ ಒಂದು ವಿಷಯ ಬಿಟ್ಟೆ. ಕೊಳ ದಾಟಿ ಮೇಲೆ ಹೋದರೆ ಕೋಟೆಯ ತುದಿಯಲ್ಲಿ ಒಂದು ಬುರುಜು ಇದೆ. ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ಚೆಂದ. ಅದಕ್ಕೆ ಕಥೆಯೇ ಇಲ್ಲ. ಬುರುಜಿನ ಮನೆಯವರು ಬೀಗ ಹಾಕಿಕೊಂಡು ಊರು ಬಿಟ್ಟು ಎಷ್ಟೋ ಕಾಲವಾಯಿತಂತೆ. ಅವರದ್ದನ್ನು ಬೇರೆಯವರು ಹೇಳುವಂತಿಲ್ಲ. ಕೊಳದ ಮನೆಯಾಕೆ ನಮ್ಮನ್ನು ಅಲ್ಲಿಗೆ ಕಳಿಸಿ, "ಸುಮ್ನೆ ನೋಡ್ಕೊಂಡು ಬನ್ನಿ" ಎಂದರು.

ಸುಮ್ಮನೆ ನೋಡುವುದೆಂದರೇನು? ಇವತ್ತು ಒಬ್ಬಳೇ ಮತ್ತೆ ಹೋದೆ. ಕಲ್ಲಿನ ಗೂಡಿನಂಥ ಕಿಟಕಿ, ಕೆಳಗೆ ಕಣಿವೆ. ನಿಲ್ಲಲಾಗಲಿಲ್ಲ. ಕೈ ಎತ್ತಿ ತೋರಿಸಲು ಜನರಿಲ್ಲ, ಹೇಳಲು ಬಾಯಿಲ್ಲ. ಹೋದ ಕಾಲಲ್ಲೇ ವಾಪಸ್ ಬಂದೆ.

ಮಾರ್ಚ್ ೭, ಗುರುವಾರ

ಅತ್ತಿಗೆಯ ಜೊತೆ ಜಗಳವಾಯಿತು. ಅಂದರೆ, ನಾನು ಜಗಳವಾಡಿದೆ.

ಬೆಳಿಗ್ಗೆಯಿಂದ ಕೂಡಿಟ್ಟುಕೊಂಡಿದ್ದನ್ನೆಲ್ಲ ಸ್ಲೇಟಿನ ಎರಡೂ ಬದಿಗೆ ಒತ್ತೊತ್ತಾಗಿ ಬರೆದು, ಬಾವಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದ ಅವರ ಮುಂದೆ ಹಿಡಿದೆ. ಅವರು ದೂರದಿಂದ ಕಣ್ಣು ಕಿರಿದು ಮಾಡಿ ನೋಡಿದರು.

"ಕನ್ನಡಕ ರೂಮಲ್ಲಿದೆ. ಅಷ್ಟು ಅರ್ಜೆಂಟಾ?"

ಸಿಟ್ಟಿನಿಂದ ಅವರೆದುರೇ ಸೆರಗಿನಿಂದ ಒರೆಸಿಬಿಟ್ಟೆ. ಕೋಣೆಗೆ ಬಂದು ಏನು ಬರೆದಿದ್ದೆನೆಂದು ನೆನಪಿಸಿಕೊಂಡೆ. ಹಾಸಿಗೆ ಗಟ್ಟಿ, ಚಹಾ ತಣ್ಣಗೆ, ಬಾಗಿಲಪ್ಪ ಇವತ್ತು ಮೀಸೆಗೆ ಎಣ್ಣೆ ಹಚ್ಚಿದ್ದಾರೆ. ಅರ್ಜೆಂಟಾಗಿ ಹೇಳಬೇಕಾದ್ದು ಒಂದೂ ಇರಲಿಲ್ಲ. ಅದಕ್ಕೂ ಅವರ ಮೇಲೇ ಸಿಟ್ಟು ಬಂತು.

ಮಾರ್ಚ್ ೧೦, ಭಾನುವಾರ

ನಾನು ನಿದ್ದೆಯಲ್ಲಿ ಮಾತಾಡುತ್ತೇನೆಂದು ಯಜಮಾನರು ಯಾವಾಗಲೂ ಆಡಿಕೊಳ್ಳುತ್ತಿದ್ದರು. ಇದು ನೆನಪಾಗಿ ಗಾಬರಿಯಾಯಿತು. ಬೆಳಿಗ್ಗೆ ಸ್ಲೇಟಿನಲ್ಲಿ ಕೇಳಿದೆ. ಇವತ್ತು ಅತ್ತಿಗೆ ಕನ್ನಡಕ ಕುತ್ತಿಗೆಗೆ ನೇತುಹಾಕಿಕೊಂಡಿದ್ದರು.

"ಇಲ್ಲ. ನೋಡ್ಕೊಂಡಿದೀನಿ."

ಎಷ್ಟು ದಿನ ಎಂದು ಬರೆದೆ.

"ಬಂದಾಗಿಂದ. ಬಾಯಿ ಆಡಿಸಿದ್ರೆ ಪಕ್ಕಕ್ಕೆ ಹೊರಳಿಸ್ತೀನಿ, ಸುಮ್ನಾಗ್ತೀಯ." ಹೇಳಿ ಹೊರಗೆ ಹೋದರು. ಅವರ ಕಣ್ಣ ಕೆಳಗಿನ ಕಪ್ಪು ವಯಸ್ಸಿನದೆಂದುಕೊಂಡಿದ್ದೆ. ಈ ಹೆಂಗಸಿನ ಜೊತೆ ಸರಿಯಾಗಿ ಜಗಳವಾಡಲೂ ಆಗುವುದಿಲ್ಲ.

ಮಾರ್ಚ್ ೧೩, ಬುಧವಾರ

ಒಂದು ಬಸ್ಸು ತುಂಬ ಜನ ಬಂದಿದ್ದರು. ಬಾಗಿಲಪ್ಪ ಹೊಸಿಲ ಮೇಲೆ ಸತ್ತರು, ಎದ್ದರು, ಮುಂದಿನ ಗುಂಪಿಗೆ ಮತ್ತೆ ಸತ್ತರು. ಕೊಳದ ಹತ್ತಿರ ರಾಜ ಸ್ನಾನ ಮಾಡಿದ. ಯಾರೂ ಕೇಳಲಿಲ್ಲ, ಸತ್ತವನು ಹೇಗೆ ಬಂದ ಎಂದು. ನಾನೂ ಕೇಳಲಿಲ್ಲ, ಕೊಳದ ಕಟ್ಟೆಯ ಮೇಲೆ ಅತ್ತಿಗೆಯ ಪಕ್ಕ ಕೂತು ಕಾಲಾಡಿಸುತ್ತಿದ್ದೆ. ಕೊಳದ ಮನೆಯಾಕೆ ಸ್ನಾನದ ವಿಷಯಕ್ಕೆ ಬಂದಾಗ ನೀರಿಗೆ ಕೈಯದ್ದಿ ಮುಂದೆ ನಿಂತ ಮಕ್ಕಳ ಮೇಲೆ ಚಿಮುಕಿಸುತ್ತಾರೆ. ಮೊದಲ ದಿನವೂ ಚಿಮುಕಿಸಿದ್ದರೋ ಏನೋ, ನಾನು ನೋಡಿರಲಿಲ್ಲ.

ಬಸ್ಸು ಹೋದ ಮೇಲೆ ಬಾಗಿಲಪ್ಪ ನಮ್ಮ ಪಕ್ಕ ಬಂದು ಕೂತರು. "ಇವ್ರು ಹುಟ್ಟಿದಾಗಿಂದ ಹೀಗೇನಾ?" ಎಂದು ನನ್ನನ್ನು ತೋರಿಸಿ ಅತ್ತಿಗೆಯನ್ನು ಕೇಳಿದರು.

"ಅಯ್ಯೋ, ಇವಳಾ? ಅರಮನೆಯಲ್ಲಿ ಗೈಡು. ಇವಳು ದರ್ಬಾರ್ ಹಾಲಲ್ಲಿ ನಿಂತು ರಾಣಿ ಅತ್ತಿದ್ದು ಹೇಳಿದ್ರೆ ಕೇಳೋಕೆ ಆಗಲ್ಲ. ನಾನು ಕಂಬದ ಹಿಂದೆ ಹೋಗಿ ಕಣ್ಣೊರೆಸ್ಕೊಂಡೆ."

ಅತ್ತಿಗೆ ಅರಮನೆಗೆ ಬಂದಿದ್ದು ಯಾವಾಗ? ಸ್ಲೇಟು ಕೋಣೆಯಲ್ಲಿತ್ತು. ಕೈಸನ್ನೆಯಲ್ಲಿ ಎಷ್ಟು ಕೇಳಿದರೂ ಅರ್ಥವಾಗದವರಂತೆ ಕೂತಿದ್ದರು. ಸಂಜೆ ಬರೆದು ಕೇಳಿದ್ದಕ್ಕೆ, "ಟಿಕೆಟ್ ತಗೊಂಡೇ ಬಂದಿದ್ದೆ" ಎಂದರು. ನಾನು ಕೇಳಿದ್ದು ಅದನ್ನಾ?

ಆ ಧ್ವನಿ ಒಂದು ಬಂದುಬಿಟ್ಟರೆ ಸಾಕು. ಮೊದಲು ಅವರನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತೇನೆ.

ಮಾರ್ಚ್ ೧೭, ಭಾನುವಾರ

ಇವತ್ತಿಗೆ ಮೂರು ವಾರ ಮುಗಿಯಿತು. ಇನ್ನು ಮಾತಾಡಬಹುದು.

ಅತ್ತಿಗೆ ಬೆಳಿಗ್ಗೆಯೇ ಬಿಸಿನೀರು ಕುಡಿಸಿ, ಎದುರಿಗೆ ಕೂತು, "ಹ್ಞೂಂ, ಮೆತ್ತಗೆ ಏನಾದ್ರೂ ಹೇಳು" ಎಂದರು. ಇಲ್ಲಿ ಬೇಡ, ಬುರುಜಿನ ಹತ್ತಿರ ಎಂದು ಬರೆದೆ. ಮೊದಲ ಮಾತಿಗೆ ಜಾಗವಾದರೂ ಚೆನ್ನಾಗಿರಲಿ. ಹತ್ತಿ ಹೋದರೆ ಅಲ್ಲಿ ಗಂಡ ಹೆಂಡತಿ ಇಬ್ಬರು ಫೋಟೋ ತೆಗೆದುಕೊಳ್ಳುತ್ತಿದ್ದರು. ಅವರು ಹೋಗಲೆಂದು ಕಾದೆವು. ಹೋದ ಮೇಲೂ ಸ್ವಲ್ಪ ಹೊತ್ತು ಕೂತೆವು. ಕಣಿವೆಯಲ್ಲಿ ಯಾರೋ ಕಟ್ಟಿಗೆ ಒಡೆಯುತ್ತಿದ್ದರು, ದೂರಕ್ಕೆ ಸದ್ದು ತಡವಾಗಿ ಬಂದು, ಕೊಡಲಿ ಮತ್ತೆ ಎದ್ದಾಗ ಕೇಳಿಸುತ್ತಿತ್ತು, ಬಿದ್ದಾಗ ಅಲ್ಲ. ಬಹಳ ಹೊತ್ತು ಅದನ್ನೇ ಕೇಳಿದೆ. ಆಮೇಲೆ ಊಟದ ಹೊತ್ತಾಯಿತು.

ನಾಳೆ ನೋಡೋಣ.

ಮಾರ್ಚ್ ೧೮, ಸೋಮವಾರ

ಬೆಳಿಗ್ಗೆಯಿಂದ ತಣ್ಣನೆ ಗಾಳಿ. ಇಂಥ ಗಾಳಿಯಲ್ಲಿ ಗಂಟಲು ತೆರೆಯುವುದು ಒಳ್ಳೆಯದಲ್ಲ.

ಮಾರ್ಚ್ ೧೯, ಮಂಗಳವಾರ

ನೆಗಡಿ ಬರುವ ಹಾಗಿದೆ. ಎರಡು ಸಲ ಸೀನಿದೆ. ನಾಳೆ.

ಮಾರ್ಚ್ ೨೦, ಬುಧವಾರ

ಮಧ್ಯಾಹ್ನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆವು. ಅತ್ತಿಗೆ ಹಾಸಿಗೆಯ ಮೇಲಿದ್ದ ಸ್ಲೇಟನ್ನು ಎತ್ತಿ ತಮ್ಮ ಚೀಲದೊಳಗಿಟ್ಟು ಜಿಪ್ ಎಳೆದರು.

ಕೊಡಿ ಎಂದು ಕೈ ಚಾಚಿದೆ.

"ಬಾಯಲ್ಲಿ ಕೇಳು."

ತಲೆಯಾಡಿಸಿದೆ. ಮೂಗು ತೋರಿಸಿದೆ. ಕಿಟಕಿಯ ಕಡೆ, ಗಾಳಿಯ ಕಡೆ ಕೈ ಮಾಡಿದೆ.

"ನೆಗಡಿಯೂ ಇಲ್ಲ, ಗಾಳಿಯೂ ಇಲ್ಲ. ಥಿಯೇಟರಿಂದ ಹೊರಗೆ ಬಂದ ಎಷ್ಟು ಜನಾನ ನೋಡಿದೀನಿ ನಾನು. ಬ್ಯಾಂಡೇಜ್ ಬಿಚ್ಚೋ ದಿನ ಎಲ್ಲರಿಗೂ ನೆಗಡಿನೇ. ಎಷ್ಟು ದಿನ ಹೀಗೆ? ಇಪ್ಪತ್ತೈದಕ್ಕೆ ಆ ಮೈಕಿನ ಮುಂದೆ ಸ್ಲೇಟು ಹಿಡ್ಕೊಂಡು ನಿಲ್ತೀಯಾ?"

ನನಗೆ ಭಯವಾಗಿತ್ತು. ಇಷ್ಟು ದಿನ ಬರೆಯದಿದ್ದದ್ದನ್ನು ಈಗ ಬರೆಯುತ್ತೇನೆ, ಬಹಳ ಭಯವಾಗಿತ್ತು. ಮಾತಾಡದಿರುವಷ್ಟು ದಿನ ಧ್ವನಿ ಒಳಗೆ ಹಾಗೇ ಇದೆ ಎಂದುಕೊಳ್ಳಬಹುದಿತ್ತು.

"ಅತ್ತಿಗೆ" ಎಂದೆ.

ಯಾರೋ ಒರಟಾಗಿ ಕೂಗಿದ ಹಾಗಾಯಿತು. ದಪ್ಪ, ತಗ್ಗಿದ, ನಡುವೆ ಬಿರುಕು ಬಿಟ್ಟ ಸದ್ದು. ಕೊನೆಗೆ ಬರೀ ಗಾಳಿ. ಕೈಯಿಂದ ಬಾಯಿ ಮುಚ್ಚಿಕೊಂಡೆ.

"ಇದು ನಂದಲ್ಲ."

"ಮತ್ಯಾರ್ದು, ನಂದಾ?"

ನಿಜಕ್ಕೂ ಅವರದ್ದರಂತೆಯೇ ಇತ್ತು. ಅದೇ ಗಡಸು. ಸರಿಹೋಗುತ್ತದೆ ಎಂದು ಒಂದು ಮಾತು ಹೇಳಲಿ ಎಂದು ಅವರ ಮುಖ ನೋಡಿದೆ. ಅವರು ಪಕ್ಕಕ್ಕೆ ಬಂದು ಕೂತು ನನ್ನ ಕೈಯಲ್ಲಿದ್ದ ಟವೆಲ್ ತೆಗೆದುಕೊಂಡು ಮಡಿಸತೊಡಗಿದರು.

"ಇನ್ನೂ ಸ್ವಲ್ಪ ತಿಳಿಯಾಗತ್ತೆ. ಹಳೇದು ಬರಲ್ಲ ಕಣೇ. ಸುಳ್ಳು ಹೇಳಲ್ಲ ನಿನಗೆ."

ಅತ್ತುಬಿಟ್ಟೆ. ಅಳುವುದೂ ಅದೇ ಧ್ವನಿಯಲ್ಲಿ ಬಂತು. ಅದನ್ನು ಕೇಳಿ ಮತ್ತಷ್ಟು ಅಳು. ಅವರು ಮಡಿಸಿದ ಟವೆಲನ್ನೇ ಬಿಚ್ಚಿ ನನ್ನ ಕೈಗೆ ಕೊಟ್ಟರು.

ಆದರೂ ಇನ್ನು ಐದು ದಿನವಿದೆ. ತಿಳಿಯಾಗುತ್ತದೆ ಎಂದರಲ್ಲ. ವ್ಯವಸ್ಥಾಪಕರು ಕಾಯುತ್ತೇವೆ ಎಂದಿದ್ದಾರೆ. ಹೋಗಿ ಮೈಕಿನ ಮುಂದೆ ನಿಲ್ಲುತ್ತೇನೆ. ಈ ಧ್ವನಿಯಲ್ಲೂ ರಾಣಿ ಅಳಬಲ್ಲಳೇನೋ, ಯಾರಿಗೆ ಗೊತ್ತು.

ಮಾರ್ಚ್ ೨೧, ಗುರುವಾರ

ನಾಳೆ ಬೆಳಿಗ್ಗೆ ಬಸ್ಸು.

ಇವತ್ತು ಬಾಗಿಲಪ್ಪನಿಗೆ, ಕೊಳದ ಮನೆಯಾಕೆಗೆ ಹೋಗಿ ಬರುತ್ತೇವೆಂದು ಬಾಯಿಬಿಟ್ಟೇ ಹೇಳಿದೆ. ಕೊಳದ ಮನೆಯಾಕೆ, "ಅಯ್ಯೋ, ಮಾತು ಬರುತ್ತಾ ನಿಮಗೆ!" ಎಂದು ಖುಷಿಪಟ್ಟರು. ಅವರಿಗೆ ಹಳೆಯದು ಗೊತ್ತಿಲ್ಲವಲ್ಲ. ಇದೇ ನನ್ನ ಧ್ವನಿ ಎಂದುಕೊಂಡು ಅಷ್ಟು ಹೊತ್ತು ಹರಟಿದರು. ನಾನೂ ಹರಟಿದೆ. ಅಲ್ಲಿದ್ದಷ್ಟು ಹೊತ್ತು ಗಂಟಲಿನ ನೆನಪೇ ಆಗಲಿಲ್ಲ.

ಸಂಜೆ ಎಂದಿನಂತೆ ಮೆಟ್ಟಿಲ ಹತ್ತಿರ ಹೋದೆವು. ಯಜಮಾನರ ಫೋನ್ ಬಂದಾಗ ಅತ್ತಿಗೆ ಅದನ್ನು ನನ್ನ ಕೈಗಿಟ್ಟರು. "ನೀನೇ ಎತ್ತು. ಬೆಚ್ಚಿಬೀಳಲಿ ಅವನು."

ಏನು ಹೇಳಬೇಕೆಂದು ಮಧ್ಯಾಹ್ನದಿಂದ ಯೋಚಿಸಿದ್ದೆ. "ಹಲೋ" ಎಂದೆ.

"ಅಕ್ಕಾ, ಅವಳು ಹತ್ರ ಇಲ್ಲ ತಾನೆ?"

ಅಕ್ಕ! ನಗು ಬಂತು. ಇನ್ನೊಂದು ಮಾತಾಡಿದರೆ ಗೊತ್ತಾಗುತ್ತದೆ, ಸ್ವಲ್ಪ ಆಟವಾಡಿಸೋಣ ಎಂದುಕೊಂಡು, "ಇಲ್ಲ, ಹೇಳು" ಎಂದೆ. ಮದುವೆಯಾದ ಮೇಲೆ ಅವರನ್ನು ಹೀಗೆ ಮಾತಾಡಿಸಿದ್ದು ಇದೇ ಮೊದಲು. ಅವರಿಗೆ ಗೊತ್ತಾಗಲಿಲ್ಲ.

"ಒಂದು ವಿಷಯ ಅಕ್ಕಾ. ಮೂರು ದಿನದಿಂದ ಹೇಳ್ಬೇಕು ಅಂತಿದ್ದೆ. ಅರಮನೆಯಿಂದ ಫೋನ್ ಬಂದಿತ್ತು. ಹೋದ ವಾರಾನೇ ಆ ಹೊಸ ಹುಡುಗಿ ಕೈಲಿ ರೆಕಾರ್ಡ್ ಮಾಡಿಸ್ಬಿಟ್ರಂತೆ. ಮೇಲಿನೋರು ಕಾಯಕ್ಕೆ ಆಗಲ್ಲ ಅಂದ್ರಂತೆ. ಎಲ್ಲಾ ಮುಗಿದುಹೋಗಿದೆ."

ನಾನು ಮೆಟ್ಟಿಲ ಮೇಲೆ ಕೂತೆ.

"ಕೇಳಿಸ್ತಾ ಅಕ್ಕಾ? ಅವಳಿಗೆ ಹೇಗೆ ಹೇಳ್ಲಿ ನಾನು? ಇಪ್ಪತ್ತೈದು ಇಪ್ಪತ್ತೈದು ಅಂತ ಕಾಯ್ತಿದಾಳೆ. ನನಗಂತೂ ಅವಳ ಧ್ವನಿ ಹೇಗಾದ್ರೂ ಬರಲಿ, ಬರದೆ ಹೋದ್ರೂ ಹೋಗಲಿ. ಮನೇಲಿ ರೇಡಿಯೋ ಹಾಕ್ಕೊಂಡು ಊಟ ಮಾಡ್ತಿದೀನಿ. ಅದು ವಾಪಸ್ ಬೈಯಲ್ಲ, ಏನೂ ಇಲ್ಲ. ಆದ್ರೆ ಇದನ್ನ ನನ್ನ ಕೈಲಿ ಹೇಳೋಕಾಗಲ್ಲ. ನೀನೇ ಹೇಳ್ಬಿಡು. ನಿನ್ನ ಬಾಯಿಂದಾದ್ರೆ ತಡ್ಕೋತಾಳೆ."

ಇಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನೆದುರು ಒಂದು ಸಲವೂ ಹೀಗೆ ಮಾತಾಡಿದವರಲ್ಲ. ನಾನೇ ಎಂದು ಈಗ ಹೇಳಿದರೆ ಸತ್ತೇಹೋಗುತ್ತಾರೆ ಅನ್ನಿಸಿತು.

"ಆಯ್ತು, ಹೇಳ್ತೀನಿ ಬಿಡೋ" ಎಂದೆ. "ನೀನು ಸರಿಯಾಗಿ ಊಟ ಮಾಡು. ಇಡ್ತೀನಿ."

ಅತ್ತಿಗೆ ನನ್ನನ್ನೇ ನೋಡುತ್ತಿದ್ದರು. "ಏನಂತೆ? ಬೆಚ್ಚಿಬಿದ್ನಾ?"

"ರೆಕಾರ್ಡಿಂಗ್ ಆಗಿಹೋಯ್ತಂತೆ. ಆ ಹುಡುಗಿ ಕೈಲಿ. ಅದನ್ನ ನೀವು ನನಗೆ ಹೇಳ್ಬೇಕಂತೆ. ಮನೇಲಿ ರೇಡಿಯೋ ಹಾಕ್ಕೊಂಡು ಊಟ ಮಾಡ್ತಿದಾರಂತೆ."

ಅವರು ನನ್ನ ಪಕ್ಕದಲ್ಲಿ ಕೂತರು. ಮಂಡಿ ನೋವಿನವರು, ಆ ತಗ್ಗಿನ ಮೆಟ್ಟಿಲಿಗೆ ಗೋಡೆ ಹಿಡಿದು ಇಳಿಯಬೇಕಾಯಿತು. ಸಂಕಟವಾಗುತ್ತಿತ್ತು. ಈಗಲೂ ಆಗುತ್ತಿದೆ. ಟಿಕೆಟ್ ಹರಿಯುತ್ತ ನಿಂತರೆ ಒಳಗಿಂದ ಬರುವವರ ಕಿವಿಯಲ್ಲಿ ಆ ಹುಡುಗಿ ಇರುತ್ತಾಳೆ. ಅದನ್ನು ಹೇಗೆ ನೋಡುತ್ತೇನೋ ಗೊತ್ತಿಲ್ಲ.

"ನಿಮ್ಮ ತಮ್ಮ ನನ್ನ ಧ್ವನಿ ಗುರುತು ಹಿಡೀಲಿಲ್ಲ ಅತ್ತಿಗೆ."

"ನಾಳೆ ಸಂಜೆ ಹಿಡೀತಾನೆ."

"ಬಾಗಿಲು ತೆಗೆದಾಗ ಏನು ಹೇಳ್ಲಿ?"

ಅವರು ಯೋಚಿಸಿದರು. ಅತ್ತಿಗೆ ಯೋಚಿಸುವಾಗ ತುಟಿ ಮುಂದೆ ಬರುತ್ತದೆ, ಥೇಟ್ ಯಜಮಾನರ ಹಾಗೆ.

"ಯಾವ ದೊಡ್ಡ ಮಾತೂ ಬೇಡ" ಎಂದರು. "ಹಸಿವಾಗ್ತಿದೆ, ಏನು ಮಾಡಿದೀರ, ಆ ರೇಡಿಯೋ ಆರ್ಸಿ ಅನ್ನು."